ಭೈಷಜ್ಯಗುರು ಎಂದು ಮಾರಿದ ವಿಗ್ರಹ: ಹಣ ಕೊಡುವ ಮೊದಲು ಬಲಗೈಯನ್ನು ನೋಡಿ

ಕಳೆದ ವರ್ಷ ಕಾಸರಗೋಡು ಪೇಟೆಯ ಒಂದು ಪ್ರದರ್ಶನ ಮತ್ತು ಮಾರಾಟ ಮಳಿಗೆಯಲ್ಲಿ 42,000 ರೂಪಾಯಿ ಕೊಟ್ಟು ನಾನು ರೋಗ ಕಳೆಯುವ ವೈದ್ಯ ಬುದ್ಧನೆಂದು ಬೌದ್ಧರು ಪೂಜಿಸುವ ಭೈಷಜ್ಯಗುರುವಿನ ವಿಗ್ರಹವೊಂದನ್ನು ಮನೆಗೆ ತಂದೆ. ಅಮ್ಮ ಸಂಧಿವಾತದಿಂದ ತಿಂಗಳುಗಟ್ಟಲೆ ಮಲಗಿದ್ದ ಸಮಯವದು. ನೇಪಾಳದ ಪಾಟನ್‌ನಲ್ಲಿ ಕೈಯಿಂದಲೇ ಮಾಡಿದ್ದು, 120 ವರ್ಷ ಹಳೆಯದು, ಪ್ರಾಣಪ್ರತಿಷ್ಠೆ ಆಗಿದೆ, ಇದರ ಮೇಲೆ ಎರೆದ ನೀರನ್ನು ಕುಡಿಸಿದರೆ ನೋವು ಇಳಿಯುತ್ತದೆ ಎಂದು ಮಾರಾಟಗಾರ ಹೇಳಿದ. ನೀರಿನ ಮಾತನ್ನು ಪೂರ್ತಿ ನಂಬಿದೆನೆಂದು ಹೇಳಲಾರೆ, ಆದರೆ ಬೇಡವೆನ್ನುವ ಧೈರ್ಯವೂ ನನಗಿರಲಿಲ್ಲ.

ಬೌದ್ಧ ವಿಗ್ರಹ ನಮ್ಮ ಕಡೆಯವರಿಗೆ ಅಪರಿಚಿತವಲ್ಲ. ಮಂಗಳೂರಿನ ಕದ್ರಿಯಲ್ಲಿರುವ ಮೂರು ಮುಖ, ಆರು ಕೈಗಳ ಲೋಕೇಶ್ವರನ ಕಂಚಿನ ಮೂರ್ತಿಯನ್ನು ಆಳುಪ ಅರಸ ಕುಂದವರ್ಮ ಕ್ರಿ.ಶ. 968ರಲ್ಲಿ ಪ್ರತಿಷ್ಠಾಪಿಸಿದನೆಂದು ಅದರ ಪೀಠದ ಶಾಸನವೇ ಹೇಳುತ್ತದೆ. ಆ ಮೂರ್ತಿಯನ್ನು ಬಾಲ್ಯದಿಂದ ನೋಡಿ ಬೆಳೆದ ನಾನು, ಭೈಷಜ್ಯಗುರುವಿನ ಗುರುತುಗಳಾದ ನೀಲಿ ಮೈ ಮತ್ತು ಮಡಿಲಿನ ಪಾತ್ರೆ ಇಷ್ಟನ್ನೇ ಕಂಡು, ಬೇರೇನನ್ನೂ ಗಮನಿಸದೆ ಹಣ ಎಣಿಸಿಕೊಟ್ಟೆ.

ತಪ್ಪನ್ನು ಮೊದಲು ಕಂಡವರು ಅಮ್ಮ. ಭೈಷಜ್ಯಗುರುವಿನ ಬಲಗೈಯಲ್ಲಿ ಅಳಲೆಕಾಯಿ ಇರುತ್ತದೆಂದು ನಾನೇ ಅವರಿಗೆ ಓದಿ ಹೇಳಿದ್ದೆ. ಮನೆಮದ್ದು ಅರೆದು ಸಂಸಾರ ಸಾಕಿದ ಅವರಿಗೆ ಆ ಮಾತು ಬಹಳ ಹಿಡಿಸಿತ್ತು. "ಮಗಾ, ಇವನ ಕೈಯಲ್ಲಿ ಅಳಲೆಕಾಯಿ ಎಲ್ಲುಂಟು?" ಎಂದು ಅವರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಎರಡು ರೂಪಗಳ ವ್ಯತ್ಯಾಸ ಅಲ್ಲಿಯೇ ಇದೆ. ಭೈಷಜ್ಯಗುರು ಮತ್ತು ಶಾಕ್ಯಮುನಿ, ಅಂದರೆ ಗೌತಮ ಬುದ್ಧ, ಇಬ್ಬರೂ ಎಡಗೈಯಲ್ಲಿ ಪಾತ್ರೆ ಹಿಡಿದು ಪದ್ಮಾಸನದಲ್ಲಿ ಕುಳಿತಿರಬಹುದು. ಆದರೆ ಭೈಷಜ್ಯಗುರುವಿನ ಬಲ ಅಂಗೈ ಹೊರಮುಖವಾಗಿ, ವರ ಕೊಡುವ ಭಂಗಿಯಾದ ವರದ ಮುದ್ರೆಯಲ್ಲಿದ್ದು ಅಳಲೆಯ ಕಾಯಿಯನ್ನೋ ಟೊಂಗೆಯನ್ನೋ ಹಿಡಿದಿರುತ್ತದೆ. ಶಾಕ್ಯಮುನಿಯ ಬಲಗೈ ಬರಿದಾಗಿ, ಅಂಗೈ ಒಳಮುಖವಾಗಿ, ಬೆರಳುಗಳು ನೆಲ ಮುಟ್ಟುತ್ತವೆ. ಅದು ಭೂಮಿಸ್ಪರ್ಶ ಮುದ್ರೆ; ಬೋಧಿವೃಕ್ಷದ ಕೆಳಗೆ ಧ್ಯಾನ ಕೆಡಿಸಲು ಬಂದ ಮಾರನು ಎದುರಾದಾಗ ಬುದ್ಧನು ಭೂಮಿಯನ್ನೇ ಸಾಕ್ಷಿಗೆ ಕರೆದ ಗಳಿಗೆಯ ಗುರುತು. ಒಂದು ಕೈ ಔಷಧವನ್ನು ಕೊಡುತ್ತದೆ, ಇನ್ನೊಂದು ಸಾಕ್ಷಿಯನ್ನು ಕೇಳುತ್ತದೆ. ನನಗೆ ಮಾರಿದ್ದು ಶಾಕ್ಯಮುನಿಗೆ ನೀಲಿ ಬಣ್ಣ ಬಳಿದ ವಿಗ್ರಹ. ಒದ್ದೆ ಬಟ್ಟೆಯಿಂದ ಉಜ್ಜಿದಾಗ ಬಣ್ಣ ಬಟ್ಟೆಗೆ ಅಂಟಿತು. ಅದೇ ವಿಗ್ರಹದ ಮೇಲೆ ಎರೆದ ನೀರನ್ನು ಅಮ್ಮ ಒಂಬತ್ತು ದಿನ ಕುಡಿದಿದ್ದರೆಂಬುದನ್ನು ನೆನೆದರೆ ಇಂದಿಗೂ ನನ್ನ ಕೈ ನಡುಗುತ್ತದೆ.

ಆಮೇಲೆ ಅದನ್ನು ಟಿಬೆಟಿಯನ್ನರು ನೆಲೆಸಿರುವ ಬೈಲಕುಪ್ಪೆಗೆ ಒಯ್ದು ಒಬ್ಬ ಹಿರಿಯ ಭಿಕ್ಷುವಿಗೆ ತೋರಿಸಿದೆ. ಅವರು ಮೊದಲು ನೋಡಿದ್ದು ಮುಖವನ್ನಲ್ಲ, ತಳವನ್ನು. ಟೊಳ್ಳಾಗಿ ಎರಕ ಹೊಯ್ದ ವಿಗ್ರಹದೊಳಗೆ ಮಂತ್ರ ಬರೆದ ಸುರುಳಿಗಳನ್ನೂ ಧಾನ್ಯವನ್ನೂ ತುಂಬಿ, ವಿಶ್ವವಜ್ರವನ್ನು (ಅಡ್ಡಡ್ಡ ಕೂಡಿದ ಎರಡು ವಜ್ರಗಳ ಚಿಹ್ನೆ) ಕೊರೆದ ತಾಮ್ರದ ತಗಡಿನಿಂದ ತಳ ಮುಚ್ಚಿ, ವಿಧಿಪೂರ್ವಕ ಪ್ರತಿಷ್ಠೆ ಮಾಡುವುದು ಟಿಬೆಟಿನ ಸಂಪ್ರದಾಯ. ನನ್ನದರ ತಳಕ್ಕೆ ಅಂಟಿಸಿದ್ದ ಮಖಮಲ್ಲನ್ನು ಕಿತ್ತಾಗ ಕಂಡದ್ದು ಸಿಮೆಂಟು; ಭಾರ ಬರಲೆಂದು ತುಂಬಿದ್ದು. ಎರಡೂ ಪಕ್ಕೆಗಳಲ್ಲಿ ಅಚ್ಚು ಸೇರಿದ ಗೆರೆ ಹಾಗೆಯೇ ಉಳಿದಿತ್ತು. ಪಾಟನ್‌ನ ಶಾಕ್ಯ ಮನೆತನಗಳ ಶಿಲ್ಪಿಗಳು ಮೇಣದಲ್ಲಿ ರೂಪ ತಿದ್ದಿ, ಅದರ ಮೇಲೆ ಮಣ್ಣು ಮೆತ್ತಿ, ಮೇಣ ಕರಗಿಸಿ ತೆಗೆದು ಲೋಹ ಹೊಯ್ಯುತ್ತಾರೆ. ವಿಗ್ರಹವನ್ನು ಹೊರತೆಗೆಯಲು ಆ ಮಣ್ಣಿನ ಅಚ್ಚನ್ನು ಒಡೆಯಲೇಬೇಕಾದ್ದರಿಂದ ಒಂದು ಅಚ್ಚಿಗೆ ಒಂದೇ ವಿಗ್ರಹ. ಅಷ್ಟು ಶ್ರಮದ ಹೆಸರನ್ನು ಇದಕ್ಕೆ ಹಚ್ಚಿದ್ದು ನನ್ನ ಹಣ ಹೋದದ್ದಕ್ಕಿಂತ ಹೆಚ್ಚಾಗಿ ನೋಯಿಸಿತು.

ಮಾರಾಟಗಾರನನ್ನು ಹಿಡಿದು ಕೇಳೋಣವೆಂದರೆ ಮಳಿಗೆ ಎತ್ತಿ ಆಗಿತ್ತು, ಚೀಟಿಯಲ್ಲಿ ಬೆಲೆಯ ಬದಲು "ಕಾಣಿಕೆ" ಎಂದಷ್ಟೇ ಬರೆದಿತ್ತು. ನೂರು ವರ್ಷ ದಾಟಿದ ವಿಗ್ರಹ 1972ರ ಕಾಯ್ದೆಯ ಪ್ರಕಾರ ಪ್ರಾಚ್ಯವಸ್ತುವಾಗುವುದರಿಂದ, ಅದರ ವ್ಯಾಪಾರಕ್ಕೆ ಪರವಾನಿಗೆ ಬೇಕು. 120 ವರ್ಷ ಎಂದೊಡನೆ ನಾನು ಅದನ್ನು ಕೇಳಬೇಕಿತ್ತು.

ಇಂಥದೇ ನೀಲಿ ವಿಗ್ರಹಗಳನ್ನು ಉಪ್ಪಳದ ಕಡೆ ಮನೆಮನೆಗೆ ತರುತ್ತಿದ್ದಾರೆಂದು ಮೊನ್ನೆ ನೆಂಟರೊಬ್ಬರು ತಿಳಿಸಿದರು. ನಿಮ್ಮ ಜಗಲಿಗೂ ಬಂದರೆ ಬಲಗೈ ನೋಡಿ, ತಳದ ಬಟ್ಟೆ ಕೀಳಿಸಿ, ಲೋಹ ಯಾವುದು, ತೂಕವೆಷ್ಟು, ಎಲ್ಲಿ ಮಾಡಿದ್ದು ಎಂಬುದನ್ನು ಬಿಲ್ಲಿನಲ್ಲಿಯೇ ಬರೆಸಿಕೊಳ್ಳಿ. ಅದರ ಮೇಲೆ ಎರೆದ ನೀರನ್ನು ಮಾತ್ರ ಯಾರಿಗೂ ಕುಡಿಸಬೇಡಿ.