ಧಾರವಾಡದಲ್ಲಿ ಮನೆ ಬಾಡಿಗೆ: ಕುಟುಂಬಕ್ಕೋ, ಓದುವ ಹುಡುಗರಿಗೋ?

ಸಪ್ತಾಪುರದ ಕಡೆ ಮನೆಯಿದ್ದರೆ ಕೋಚಿಂಗ್‌ಗೆ ಬಂದ ಹುಡುಗರು ಬಾಡಿಗೆಗೆ ಕೇಳುತ್ತಾರೆ. ದುಡ್ಡೂ ಜಾಸ್ತಿ ಅನ್ನಿಸುತ್ತದೆ, ಅಲ್ವಾ? ವರ್ಷದ ಲೆಕ್ಕ ಹಾಕಿ ನೋಡಿ.

ಕುಟುಂಬ ತಿಂಗಳಿಗೆ 8,000 ಕೊಡುತ್ತದೆ ಅಂದುಕೊಳ್ಳಿ. 12 ತಿಂಗಳಿಗೆ 96,000. ಅದೇ ಮನೆಗೆ ನಾಲ್ವರು ಹುಡುಗರು ತಲಾ 2,500 ಕೊಟ್ಟರೆ ತಿಂಗಳಿಗೆ 10,000. ಪರೀಕ್ಷೆ ಮುಗಿಸಿ ಅವರು ಊರಿಗೆ ಹೋದ ಮೇಲೆ ಮನೆ 2 ತಿಂಗಳು ಖಾಲಿ ಬಿದ್ದರೆ ಕೈಗೆ ಬರುವುದು 1,00,000. ಹೆಚ್ಚಾದದ್ದು ಬರೀ 4,000. ಸುಣ್ಣ-ಬಣ್ಣ, ಮುರಿದ ನಲ್ಲಿ ಅಂತ ಅದೂ ಕರಗುತ್ತದೆ. ಟ್ಯಾಂಕರ್ ನೀರು ತರಿಸುವ ಓಣಿಯಾದರೆ ಇನ್ನೂ ಕಷ್ಟ.

ಹಾಗಂತ ಹುಡುಗರು ಬೇಡವೇ ಬೇಡ ಅಂತಲ್ಲ. ನೀವು ಮೇಲಿನ ಮನೆಯಲ್ಲೇ ಇದ್ದರೆ ಒಬ್ಬ ಬಿಟ್ಟ ಕೂಡಲೇ ಇನ್ನೊಬ್ಬನನ್ನು ಸೇರಿಸಬಹುದು. ಬೇರೆ ಊರಲ್ಲಿದ್ದರೆ ಕುಟುಂಬವೇ ಸರಿ. ನಾನಾದರೆ ಒಳ್ಳೆಯ ಕುಟುಂಬಕ್ಕೆ 500 ಕಡಿಮೆ ಮಾಡಿಯಾದರೂ ಕೊಡುತ್ತೇನೆ. ವರ್ಷಕ್ಕೆ 6,000 ಹೋಗುತ್ತದೆ, ನಿಜ. ಆದರೆ ಒಂದೇ ತಿಂಗಳು ಖಾಲಿ ಬಿದ್ದರೆ 8,000 ಹೋಗುತ್ತದೆ.

ಆದಾಯ ತೆರಿಗೆ ಎರಡಕ್ಕೂ ಒಂದೇ: ಪಾಲಿಕೆಗೆ ಕಟ್ಟಿದ ಮನೆ ತೆರಿಗೆ ಕಳೆದು, ಉಳಿದದ್ದರಲ್ಲಿ ಶೇ. 30 ವಿನಾಯಿತಿ. ಯಾರಿಗೇ ಕೊಡಿ, ಕರಾರು ಬರೆಸಿ. ಅವತ್ತಿನ ಹೆಸ್ಕಾಂ ಮೀಟರ್ ರೀಡಿಂಗ್ ಅದರಲ್ಲೇ ಇರಲಿ.