ಎಂಆರ್‌ಪಿ ಸಾಫ್ಟ್‌ವೇರ್‌ಗೆ ದುಡ್ಡು ಬಿಚ್ಚುವ ಮುಂಚೆ ನಿಮ್ಮದೇ ಒಂದು ಪಾರ್ಟ್ ಹಾಕಿಸಿ ನೋಡಿ

ಪೀಣ್ಯ, ಬೊಮ್ಮಸಂದ್ರ ಕಡೆ ಸಣ್ಣ ಮಷೀನ್ ಶಾಪ್ ನಡೆಸುವವರು ಯಾರಾದರೂ ಎಂಆರ್‌ಪಿ (ಮೆಟೀರಿಯಲ್ ರಿಕ್ವೈರ್‌ಮೆಂಟ್ಸ್ ಪ್ಲ್ಯಾನಿಂಗ್, ಅಂದರೆ ಯಾವ ಮಾಲು ಎಷ್ಟು ತರಿಸಬೇಕು ಅಂತ ಲೆಕ್ಕ ಹಾಕುವ) ಸಾಫ್ಟ್‌ವೇರ್‌ಗೆ ಅಡ್ವಾನ್ಸ್ ಕೊಡಲು ಹೊರಟಿದ್ದರೆ ಸ್ವಲ್ಪ ತಡೆಯಿರಿ. ನಮ್ಮ ಶಾಪಿನಲ್ಲಿ ಆದದ್ದು ನಿಮ್ಮಲ್ಲಿ ಆಗುವುದು ಬೇಡ.

ಡೆಮೋದಲ್ಲಿ ನಮಗೆ ತೋರಿಸಿದ್ದು ಸೈಕಲ್. ಒಂದು ಸೈಕಲ್‌ಗೆ ಎರಡು ಚಕ್ರ, ಒಂದು ಸೀಟು. ನೂರು ಸೈಕಲ್ ಅಂತ ಹಾಕಿ ಬಟನ್ ಒತ್ತಿದರೆ ಇನ್ನೂರು ಚಕ್ರಕ್ಕೆ ಪರ್ಚೇಸ್ ಆರ್ಡರ್ ತಾನಾಗಿ ಬಂತು. ಚೆನ್ನಾಗಿಯೇ ಇತ್ತು. ಆದರೆ ಅಲ್ಲಿ ಎಲ್ಲವೂ ಎಣಿಕೆಯ ಮಾಲು. ಕೆಜಿ ಲೆಕ್ಕದಲ್ಲಿ ಕೊಂಡು ಮಿಲಿಮೀಟರ್ ಲೆಕ್ಕದಲ್ಲಿ ಕತ್ತರಿಸುವಂಥದ್ದು ಒಂದೂ ಇಲ್ಲ, ಪ್ಲೇಟಿಂಗ್‌ಗೆ (ಲೋಹದ ಲೇಪನಕ್ಕೆ) ಹೊರಗೆ ಹೋಗಿ ಬರುವಂಥದ್ದೂ ಇಲ್ಲ.

ನಮ್ಮದು ಇಎನ್8 ಎಂಬ ಸ್ಟೀಲಿನ ಬುಷ್ (ನಡುವೆ ತೂತಿರುವ ಕೊಳವೆಯಂಥ ಪಾರ್ಟ್), 40 ಎಂಎಂ ರೌಂಡ್ ಬಾರ್‌ನಲ್ಲಿ ಮಾಡುತ್ತೇವೆ. ಎಂಎಂ ಲೆಕ್ಕದ ವ್ಯಾಸವನ್ನು ವ್ಯಾಸದಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಮೀಟರ್‌ಗೆ ಎಷ್ಟು ಕೆಜಿ ಅಂತ ಸಿಗುತ್ತೆ, ಸ್ಟೋರ್ಸ್ ಹುಡುಗನಿಗೂ ಗೊತ್ತಿರುವ ಲೆಕ್ಕ: 9.88 ಕೆಜಿ. ಪೀಸಿನ ಉದ್ದ 62, ಫೇಸಿಂಗ್ ಪಾರ್ಟಿಂಗ್‌ಗೆ (ತುದಿ ಸವರಿ ಕತ್ತರಿಸುವುದಕ್ಕೆ) 3, ಒಟ್ಟು 65 ಎಂಎಂ, ಅಂದರೆ ಒಂದು ಪೀಸ್‌ಗೆ 642 ಗ್ರಾಂ ಬಾರ್ ಬೇಕು. ಸಾಫ್ಟ್‌ವೇರ್ ಕಡೆಯವರು ಬಿಓಎಂಗೆ (ಒಂದು ಪೀಸ್‌ಗೆ ಯಾವ ಮಾಲು ಎಷ್ಟು ಬೇಕು ಎಂಬ ಪಟ್ಟಿಗೆ) ತುಂಬಿದ್ದು ಡ್ರಾಯಿಂಗ್ ಮೂಲೆಯಲ್ಲಿದ್ದ ಫಿನಿಶ್ ತೂಕ, 400 ಗ್ರಾಂ! ಬೋರ್ ಕೊರೆದಾಗ ಚಿಪ್ಸ್ ಆಗಿ ಹೋಗುವ ಸ್ಟೀಲನ್ನು ಯಾರು ಕೊಡುತ್ತಾರೆ? 5,000 ಪೀಸ್‌ಗೆ 3.2 ಟನ್ ಬೇಕಿತ್ತು, ಆರ್ಡರ್ ಹೋಗಿದ್ದು 2 ಟನ್‌ಗೆ. ಬಾರ್ ಇಲ್ಲದೆ ಮಷೀನ್ ಸುಮ್ನೆ ನಿಂತಾಗಲೇ ವಿಷಯ ಹೊರಬಿದ್ದಿದ್ದು.

ಇದು ಕಡಿಮೆಯ ಕಥೆ. ಜಾಸ್ತಿಯದ್ದೂ ಇದೆ. ಚಲನ್ ಹಾಕಿ ಪ್ಲೇಟಿಂಗ್‌ಗೆ ಕಳಿಸಿದ ಮಾಲಿಗೆ ಸಾಫ್ಟ್‌ವೇರ್ ಕಡೆಯವರು ಸಿಸ್ಟಮ್‌ನಲ್ಲಿ ಒಂದು ಬೇರೆ ಲೊಕೇಶನ್ ಮಾಡಿದ್ದರು, ಆದರೆ ಆ ಲೊಕೇಶನ್ನಿನ ಸ್ಟಾಕನ್ನು ಎಂಆರ್‌ಪಿ ಲೆಕ್ಕಕ್ಕೆ ಸೇರಿಸಿರಲಿಲ್ಲ. ಸಿಸ್ಟಮ್ ಪ್ರಕಾರ ಸ್ಟಾಕ್ ಸೊನ್ನೆ, ಹಾಗಾಗಿ ಅದೇ ಮಾಲಿಗೆ ಮತ್ತೆ ಆರ್ಡರ್. ಕೇಳಿದರೆ "ಸರ್, ಸಿಸ್ಟಮ್ ಸರಿಯಾಗೇ ಇದೆ, ನಿಮ್ಮ ಡೇಟಾ ಸರಿ ಇಲ್ಲ" ಅಂದರು. ಡೇಟಾ ತುಂಬಿದ್ದು ಅವರ ಹುಡುಗರೇ ಅಲ್ವಾ?

ಇನ್ನು ಶೆಡ್ಯೂಲಿಂಗ್. ಎರಡು ಶಿಫ್ಟ್ ಓಡುವ ಒಂದೇ ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಮಷೀನ್ ಮೇಲೆ ಒಂದೇ ದಿನಕ್ಕೆ 31 ಗಂಟೆ ಕೆಲಸ ಹೇರಿತ್ತು. 50 ಪೀಸ್‌ಗೂ 5,000 ಪೀಸ್‌ಗೂ ಅದೇ ಮೂರು ದಿನದ ಲೀಡ್ ಟೈಮ್, ಅಂದರೆ ಮಾಲು ಸಿದ್ಧವಾಗಲು ಹಿಡಿಯುವ ಸಮಯ. 1960ರ ದಶಕದಲ್ಲಿ ಜೋಸೆಫ್ ಓರ್ಲಿಕಿ ಎಂಬವರು ರೂಪಿಸಿದಾಗಿನಿಂದ ಎಂಆರ್‌ಪಿಯ ಮೂಲ ಲೆಕ್ಕವೇ ಹೀಗೆ: ಏನು ಬೇಕು, ಎಷ್ಟು ಬೇಕು, ಯಾವಾಗ ಬೇಕು ಅಂತ ನೋಡುತ್ತೆ, ಮಷೀನ್‌ಗೆ ಪುರುಸೊತ್ತಿದೆಯಾ ಅಂತ ನೋಡಲ್ಲ. ಅದು ತಪ್ಪಲ್ಲ. ಅದನ್ನು ಮುಚ್ಚಿಟ್ಟು, ಯಾವ ಕೆಲಸ ಯಾವಾಗ ಅಂತ ಪಟ್ಟಿಪಟ್ಟಿಯಾಗಿ ತೋರಿಸುವ ಬಣ್ಣಬಣ್ಣದ ಗ್ಯಾಂಟ್ ಚಾರ್ಟ್ ತೋರಿಸಿ ಮೂಗಿಗೆ ತುಪ್ಪ ಸವರಿ, ಆಮೇಲೆ "ಫೈನೈಟ್ ಕೆಪಾಸಿಟಿ ಬೇರೆ ಮಾಡ್ಯೂಲ್ ಸರ್, ಅದಕ್ಕೆ ಬೇರೆ ರೇಟು" (ಮಷೀನ್‌ಗೆ ಎಷ್ಟು ಪುರುಸೊತ್ತಿದೆ ಅಂತ ನೋಡಿ ಕೆಲಸ ಹಂಚುವ ಮಾಡ್ಯೂಲ್ ಅದು) ಅಂದರಲ್ಲ, ಅದು ತಪ್ಪು.

ಹಾಗಾಗಿ ಡೆಮೋಗೆ ಬಂದವರ ಮುಂದೆ ನಿಮ್ಮ ಡ್ರಾಯಿಂಗ್ ಇಡಿ. ಬಾರ್‌ನಿಂದ ಶುರುವಾಗಿ ಪ್ಲೇಟಿಂಗ್‌ಗೆ ಹೋಗಿ ಬರುವ ಪಾರ್ಟೇ ಆಗಲಿ. ಅರ್ಧ ಮಾಲು ಪ್ಲೇಟಿಂಗ್‌ನಲ್ಲಿದೆ ಅಂತ ಹಾಕಿಸಿ ಎಂಆರ್‌ಪಿ ಓಡಿಸಿ, ಬಂದ ಕೆಜಿಯನ್ನು ನೀವೇ ಕ್ಯಾಲ್ಕುಲೇಟರ್‌ನಲ್ಲಿ ತಾಳೆ ನೋಡಿ. ಒಂದು ಮಷೀನ್ ಮೇಲೆ ಬೇಕೆಂದೇ ಎರಡು ದೊಡ್ಡ ಆರ್ಡರ್ ಒಂದೇ ತಾರೀಖಿಗೆ ಹಾಕಿಸಿ, ಏನು ಮಾಡುತ್ತೆ ನೋಡಿ. ಶೆಡ್ಯೂಲಿಂಗ್ ಮಾಡ್ಯೂಲ್ ಅದೇ ರೇಟಿನಲ್ಲಿ ಸೇರಿದೆಯಾ, ಬಿಓಎಂ ತುಂಬುವ ಹೊಣೆ ಯಾರದ್ದು ಎಂಬುದನ್ನು ಪಿಓದಲ್ಲೇ (ಪರ್ಚೇಸ್ ಆರ್ಡರ್‌ನಲ್ಲೇ) ಬರೆಸಿ. ಹಳೆಯ ಎಕ್ಸೆಲ್ ಶೀಟ್ ಮಾತ್ರ ಡಿಲೀಟ್ ಮಾಡಬೇಡಿ, ನಮ್ಮ ಪ್ಲ್ಯಾನಿಂಗ್ ಈಗಲೂ ಅದರಲ್ಲೇ ನಡೆಯುತ್ತಿದೆ.