ನೈಲಾನ್ ಎಂದು ಕೊಟ್ಟ ಲಂಗರಿನ ಹಗ್ಗ ನೀರಿನ ಮೇಲೆ ತೇಲಿತು: ಪಂಜರ ಮೀನು ಕೃಷಿಕರೇ, ಎಚ್ಚರ

ಪಂಜರಗಳನ್ನು ಲಂಗರಿಗೆ ಬಿಗಿಯಲು ನಾನು ಕೇಳಿದ್ದು ನೈಲಾನ್ ಹಗ್ಗ, ಬಿಲ್ಲಿನಲ್ಲಿ ಬರೆದದ್ದೂ ನೈಲಾನ್, ಬಂದದ್ದು ಮಾತ್ರ ಪಾಲಿಪ್ರೊಪಿಲೀನ್. ಅಲೆ ಎಳೆದಾಗ ನೈಲಾನ್ ಹಿಗ್ಗಿ ಆ ಜಗ್ಗಾಟವನ್ನು ತಾನೇ ನುಂಗಿಕೊಳ್ಳುತ್ತದೆ; ಒದ್ದೆಯಾದಾಗ ಅದರ ಬಲ ತುಸು ತಗ್ಗುವುದಾದರೂ ಲಂಗರಿಗೆ ಅದನ್ನು ಆರಿಸುವುದು ಈ ಹಿಗ್ಗುವ ಗುಣಕ್ಕಾಗಿಯೇ. ಪಾಲಿಪ್ರೊಪಿಲೀನ್ ಅಷ್ಟು ಹಿಗ್ಗದು, ರಕ್ಷಕ ಬೆರಕೆಯಿಲ್ಲದಿದ್ದರೆ ಬಿಸಿಲಿಗೆ ಬೇಗನೆ ಪೆಡಸಾಗುತ್ತದೆ.

ಗಾಳಿ ಎದ್ದ ರಾತ್ರಿ ಹಗ್ಗ ತುಂಡಾಗಿ, ಪಂಜರ ವಾಲಿ, ಬಲೆ ಮಡಚಿಕೊಂಡು, ಸಾಕಿದ ಮೀನುಗಳಲ್ಲಿ ಬಹುಪಾಲು ಕೈತಪ್ಪಿದವು. ತುಂಡಾದದ್ದು ತೇಲುಬುರುಡೆಯ ಪಕ್ಕದಲ್ಲಿ, ಸದಾ ಬಿಸಿಲು ಬೀಳುವ ಭಾಗದಲ್ಲಿ. ಅಲ್ಲಿನ ಎಳೆಗಳನ್ನು ಉಜ್ಜಿದರೆ ಬೆರಳಿಗೆ ಪುಡಿ ಅಂಟುತ್ತಿತ್ತು. ಅದರ ಒಂದು ತುಂಡನ್ನು ಬಕೆಟ್ಟಿನ ನೀರಿಗೆ ಹಾಕಿದೆ, ತೇಲಿತು. ನೀರಿನ ಸಾಂದ್ರತೆ 1, ನೈಲಾನಿನದು 1.14, ಪಾಲಿಪ್ರೊಪಿಲೀನಿನದು 0.91, ನೈಲಾನ್ ಮುಳುಗಲೇಬೇಕು. ತೇಲುತ್ತಿದ್ದ ಆ ತುಂಡನ್ನು ನೋಡುತ್ತಾ ನಿಂತಾಗ ಆದ ಅವಮಾನವನ್ನು, ಜೊತೆಯಲ್ಲಿದ್ದ ಕೆಲಸಗಾರರ ಮುಖ ನೋಡಲಾಗದ ಆ ಸ್ಥಿತಿಯನ್ನು ಹೇಗೆ ಹೇಳಲಿ? ಬರೆದದ್ದು ನೈಲಾನ್, ತೇಲಿದ್ದು ಪಾಲಿಪ್ರೊಪಿಲೀನ್!

ಮಾರಾಟಗಾರರ ಮೊದಲ ಉತ್ತರ: "ಎಳೆಗಳ ನಡುವೆ ಗಾಳಿ ಸೇರಿರಬೇಕು ಸರ್." ಎಳೆಗಳನ್ನು ಬಿಚ್ಚಿ, ನೀರಿನೊಳಗೇ ಹಿಸುಕಿ, ಗಾಳಿಯನ್ನೆಲ್ಲ ಹೊರಡಿಸಿದ ಮೇಲೂ ಒಂದೊಂದು ಎಳೆಯೂ ಮೇಲಕ್ಕೆ ಬಂತು. ಅದನ್ನು ತಿಳಿಸಿದಾಗ, "ನೀವು ಗಂಟು ಹಾಕಿದ್ದೀರಿ, ಅದಕ್ಕೇ ಹರಿದಿದೆ" ಎಂದರು. ಗಂಟು ಹಗ್ಗದ ಬಲವನ್ನು ಅರ್ಧದಷ್ಟು ತಗ್ಗಿಸಬಲ್ಲದೆಂಬುದು ನನಗೂ ಗೊತ್ತು. ಆದರೆ ನಮ್ಮಲ್ಲಿ ತುದಿಗಳನ್ನು ಎಳೆ ಹೆಣೆದು, ಕುಣಿಕೆ ಸವೆಯದಂತೆ ಅದರೊಳಗೆ ಥಿಂಬಲ್ ಎಂಬ ಲೋಹದ ಬಳೆ ಕೂರಿಸಿಯೇ ಕಟ್ಟಿದ್ದೆವು, ಅದರ ಚಿತ್ರಗಳನ್ನೂ ಕಳುಹಿಸಿದೆವು. ಆಮೇಲೆ ಬಂದ ಮಾತು ಇನ್ನೂ ಸುಡುತ್ತಿದೆ: "ಮಾರುಕಟ್ಟೆಯಲ್ಲಿ ಎಲ್ಲರೂ ಇದನ್ನೇ ನೈಲಾನ್ ಅನ್ನುತ್ತಾರೆ, ನೀವೊಬ್ಬರೇ ತಕರಾರು ಮಾಡುವುದು." ಎಲ್ಲರೂ ಹಾಗೆ ಅನ್ನುವುದಾದರೆ ಬಿಲ್ಲಿಗೆ ಅರ್ಥವೇನು?

ಹಗ್ಗದ ಸುರುಳಿ ಇಳಿಸಿಕೊಳ್ಳುವ ಮೊದಲೇ ತುಂಡೊಂದನ್ನು ನೀರಿಗೆ ಹಾಕಿ ನೋಡಿ. ತೇಲಿದರೆ ವಾಪಸು ಕಳುಹಿಸಿ, ಯಾವ ವಿವರಣೆಯನ್ನೂ ಕೇಳಬೇಡಿ.

ಹಣ ಹಿಂದಿರುಗಿಸಲೊಪ್ಪದ ಆ ಮಾರಾಟಗಾರರು ಈಗ "ಮುಳುಗುವ ಹಗ್ಗ" ಬದಲಿ ಕೊಡುತ್ತೇವೆ ಎನ್ನುತ್ತಿದ್ದಾರೆ. 1.38 ಸಾಂದ್ರತೆಯ ಪಾಲಿಯೆಸ್ಟರ್ ಕೂಡ ಮುಳುಗುತ್ತದೆ. ಬಿಸಿಲನ್ನು ಚೆನ್ನಾಗಿ ತಾಳಿದರೂ ನೈಲಾನಿನಷ್ಟು ಅದು ಹಿಗ್ಗುವುದಿಲ್ಲ. ಆದ್ದರಿಂದ ಸುರುಳಿಯ ಸಂಖ್ಯೆ ನಮೂದಿಸಿದ ಪರೀಕ್ಷಾ ಪ್ರಮಾಣಪತ್ರವನ್ನು ಕೇಳಿದ್ದೇನೆ. ಅದಕ್ಕೆ ಅವರಿಂದ ಇದುವರೆಗೂ ಉತ್ತರವಿಲ್ಲ.